ಸಂಬಳ ಕೊಡುವವರ ಲೆಕ್ಕ ನೋಡುವವರು

1941ರ ಡಿಸೆಂಬರ್ 9ರಂದು ನ್ಯೂಯಾರ್ಕಿನ ವಿಲಿಯಮ್ಸ್ ಕ್ಲಬ್ಬಿನಲ್ಲಿ ಬೇರೆ ಬೇರೆ ಕಂಪನಿಗಳ ಆಡಿಟರುಗಳು ಸಭೆ ಸೇರಿದರು. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದು ಎರಡು ದಿನವಾಗಿತ್ತು. ಅಮೆರಿಕ ಜಪಾನಿನ ಮೇಲೆ ಯುದ್ಧ ಸಾರಿದ್ದು ಸಭೆಯ ಹಿಂದಿನ ದಿನ. ಅಂಥ ಗಳಿಗೆಯಲ್ಲೂ ಸಭೆಯನ್ನು ಮುಂದೂಡದೆ ಅವರು ತಮ್ಮದೊಂದು ಸಂಘ ಕಟ್ಟಿಕೊಂಡರು. ಅದೇ ಇನ್‌ಸ್ಟಿಟ್ಯೂಟ್ ಆಫ್ ಇಂಟರ್ನಲ್ ಆಡಿಟರ್ಸ್, ಬಳಕೆಯಲ್ಲಿ ಐಐಎ. ಸ್ಥಾಪಕ ಸದಸ್ಯರು 24 ಮಂದಿ, ಮೊದಲ ಅಧ್ಯಕ್ಷ ಜಾನ್ ಥರ್ಸ್ಟನ್. ಈ ಕಸುಬಿನ ಮೊದಲ ದೊಡ್ಡ ಪುಸ್ತಕವೆನ್ನಿಸಿಕೊಂಡ ವಿಕ್ಟರ್ ಬ್ರಿಂಕ್ ಅವರ ಗ್ರಂಥ ಹೊರಬಂದದ್ದೂ ಅದೇ ವರ್ಷ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಸದಸ್ಯರ ಸಂಖ್ಯೆ 104 ಆಯಿತು, ಐದು ವರ್ಷಕ್ಕೆ 1,018, 1957ರ ಹೊತ್ತಿಗೆ 3,700. ಈ ಏರಿಕೆಗಿಂತ ಗಮನಿಸಬೇಕಾದ ಸಂಗತಿ ಬೇರೊಂದಿದೆ: ಆ 3,700 ಜನರಲ್ಲಿ ಐದನೇ ಒಂದು ಪಾಲು ಅಮೆರಿಕದ ಹೊರಗಿನವರು. 1944ರಲ್ಲಿ ಟೊರಾಂಟೊದಲ್ಲಿ ಚಾಪ್ಟರ್ ತೆರೆಯಿತು, 1948ರಲ್ಲಿ ಲಂಡನ್ನಿನಲ್ಲಿ. ಲೆಕ್ಕಪತ್ರದ ಕೆಲಸಕ್ಕೆ ಸಂಬಂಧಿಸಿದ ಎಲ್ಲ ಸಂಘಗಳಿಗೂ ಇಷ್ಟು ಬೇಗ ಗಡಿ ದಾಟುವ ಅವಸರ ಇರಲಿಲ್ಲ. ನಮ್ಮ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯನ್ನೇ ನೋಡಿ: 1949ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿತು, ಕಾಯ್ದೆಯ ಎಲ್ಲೆಯೊಳಗೇ ಬೆಳೆಯಿತು. ವಕೀಲರದೂ ವೈದ್ಯರದೂ ಅದೇ ಕಥೆ. ಹಾಗಿದ್ದಲ್ಲಿ ಆಂತರಿಕ ಲೆಕ್ಕಪರಿಶೋಧಕರಿಗೆ ಮಾತ್ರ ಪರದೇಶದ ಜೊತೆಗಾರರು ಯಾಕೆ ಬೇಕಾದರು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಕಸುಬಿನ ಇತಿಹಾಸವೇ ಅರ್ಧ ಬಿಚ್ಚಿಕೊಳ್ಳುತ್ತದೆ ಎಂದು ನನ್ನ ಎಣಿಕೆ.

ಕಾರಣ ಅವರ ಕುರ್ಚಿಯಲ್ಲೇ ಇದೆ. ಶಾಸನಬದ್ಧ ಲೆಕ್ಕಪರಿಶೋಧಕರು ಹೊರಗಿನಿಂದ ಬರುತ್ತಾರೆ, ವರದಿಗೆ ಸಹಿ ಹಾಕಿ ಹೋಗುತ್ತಾರೆ. ಅವರ ಬೆನ್ನಿಗೆ ಕಾಯ್ದೆಯಿದೆ. ಒಳಗಿನ ಆಡಿಟರು ಹಾಗಲ್ಲ. ಅದೇ ಕ್ಯಾಂಟೀನಿನಲ್ಲಿ ಊಟ, ಅದೇ ಹಾಜರಿ ಪುಸ್ತಕ, ಬಡ್ತಿಯೂ ವರ್ಗಾವಣೆಯೂ ಯಾರ ಕೈಯಲ್ಲಿದೆಯೋ ಅವರ ಕಡತಗಳ ಮೇಲೆಯೇ ಇವರು ಆಕ್ಷೇಪಣೆ ಬರೆಯಬೇಕು. ಒಂದು ಕಂಪನಿಯಲ್ಲಿ ಹತ್ತು ಸಾವಿರ ನೌಕರರಿದ್ದರೂ ಆ ಕೆಲಸದ ಕಷ್ಟ ತಿಳಿದವರು ಹತ್ತು ಮಂದಿಯೂ ಇರುವುದಿಲ್ಲ. ಲೆಕ್ಕಕ್ಕೆ ಹೊರಗಿನ ಕಣ್ಣೂ ಬೇಕೆಂಬುದು ನಮ್ಮ ಶಾನುಭೋಗರ ಕಡತವನ್ನು ನೋಡಿದವರಿಗೆ ಹೊಸದಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಾಡಿದ ಕಪ್ಪು ಹಾಳೆ, ಅದರ ಮೇಲೆ ಬಳಪದ ಬರಹ. ಒರೆಸಿದರೆ ಹೋಯಿತು, ಮತ್ತೆ ಬರೆಯಬಹುದು. ಅಂಥ ಪುಸ್ತಕಕ್ಕೆ ಬೆಲೆ ಬರುತ್ತಿದ್ದುದು ಬರೆದವರ ಕೈಯಿಂದ ಮಾತ್ರವಲ್ಲ, ಅದನ್ನು ಬೇರೆ ಯಾರು ಯಾರು ಕಂಡಿದ್ದಾರೆ ಎಂಬುದರಿಂದ. ಒಳಗಿದ್ದೂ ಹೊರಗಿನವರಂತೆ ನೋಡಬೇಕಾದವರಿಗೆ ನಿಲ್ಲಲು ಹೊರಗೊಂದು ನೆಲ ಬೇಕು. 'ಇದು ನನ್ನೊಬ್ಬನ ಹಟವಲ್ಲ, ನನ್ನ ಕಸುಬಿನ ಕಟ್ಟಳೆ' ಎಂದು ಎಂಡಿಯ ಮುಂದೆ ಹೇಳಬೇಕಾದರೆ ಆ ಕಟ್ಟಳೆಯನ್ನು ಆ ಕಂಪನಿಯಾಗಲಿ, ಆ ಊರಾಗಲಿ ಬರೆದಿರಬಾರದು. ನನ್ನ ವಾದ ಇಷ್ಟೇ: ಆಂತರಿಕ ಲೆಕ್ಕಪರಿಶೋಧನೆಗೆ ಅಂತರರಾಷ್ಟ್ರೀಯ ಸಹಭಾಗಿತ್ವ ಮೇಲೆ ಹಚ್ಚಿದ ಬಣ್ಣವಲ್ಲ, ಸ್ವಾತಂತ್ರ್ಯಕ್ಕೆ ಬೇಕಾದ ಅಡಿಪಾಯವೇ ಅದು.

ಇದಕ್ಕೆ ಸಾಕ್ಷಿಯಾಗಿ ಒಂದೇ ಒಂದು ದಸ್ತಾವೇಜನ್ನು ಹಿಡಿದು ನೋಡಬಹುದು. 1947ರಲ್ಲಿ ಐಐಎ 'ಆಂತರಿಕ ಲೆಕ್ಕಪರಿಶೋಧಕರ ಹೊಣೆಗಾರಿಕೆಗಳ ಹೇಳಿಕೆ' ಎಂಬ ಪುಟ್ಟ ಪತ್ರವನ್ನು ಹೊರಡಿಸಿತು. ಮುಖ್ಯವಾಗಿ ಲೆಕ್ಕಪತ್ರ ಹಾಗೂ ಹಣಕಾಸಿನ ವಿಷಯ ನೋಡುವುದು ಇವರ ಕೆಲಸ. ಕಾರ್ಯಾಚರಣೆಯ ವಿಷಯಗಳನ್ನೂ ನೋಡಿದರೆ ತಪ್ಪಿಲ್ಲ ಎಂಬ ಸಂಕೋಚದ ಧಾಟಿ ಅದರದು. ಹತ್ತು ವರ್ಷ ಕಳೆದು 1957ರಲ್ಲಿ ತಿದ್ದಿದಾಗ ಸಂಕೋಚ ಬಿಟ್ಟುಹೋಗಿತ್ತು. ಲೆಕ್ಕಪತ್ರ, ಹಣಕಾಸು, ಇತರ ಕಾರ್ಯಾಚರಣೆ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲಾಗಿತ್ತು. 1971ರ ತಿದ್ದುಪಡಿಯಲ್ಲಿ ಲೆಕ್ಕಪತ್ರಕ್ಕಿದ್ದ ವಿಶೇಷ ಸ್ಥಾನವೇ ಹೋಗಿ, ಕಾರ್ಯಾಚರಣೆಗಳ ಪರಿಶೀಲನೆ ಎಂಬಷ್ಟೇ ಉಳಿಯಿತು. 1978ರಲ್ಲಿ ಮೊದಲ ವೃತ್ತಿ ಮಾನದಂಡಗಳು ಅಂಗೀಕಾರವಾದಾಗ ಇನ್ನೊಂದು ಪದ ಬದಲಾಯಿತು. ಅಲ್ಲಿಯವರೆಗೆ ಆಡಿಟರ ಸೇವೆ 'ಮ್ಯಾನೇಜ್‌ಮೆಂಟಿಗೆ' ಎಂದಿತ್ತು. ಈಗ 'ಸಂಸ್ಥೆಗೆ' ಎಂದಾಯಿತು. ಓದುವವರಿಗೆ ಇದು ಗುಮಾಸ್ತರ ತಿದ್ದುಪಡಿಯಂತೆ ಕಾಣಬಹುದು. ಆದರೆ ಫ್ಯಾಕ್ಟರಿಯ ಉಗ್ರಾಣದಲ್ಲಿ ಕುಳಿತು ಸ್ಕ್ರ್ಯಾಪ್ ಮಾರಾಟದ ಗೇಟ್ ಪಾಸುಗಳನ್ನು ಎಣಿಸುವವರಿಗೆ ಆ ಒಂದು ಪದದಿಂದ ಯಜಮಾನರೇ ಬದಲಾದರು. ವಿಭಾಗದ ಮುಖ್ಯಸ್ಥರು 'ನೀವು ನಮಗಾಗಿ ಇರುವವರು' ಎಂದು ಗದರಿದರೆ 'ಅಲ್ಲ, ಸಂಸ್ಥೆಗಾಗಿ' ಎನ್ನಲು ಕೈಯಲ್ಲೊಂದು ಕಾಗದ ಸಿಕ್ಕಿತು. ಯಾವ ಒಂದು ಕಂಪನಿಯ ಆಡಿಟ್ ವಿಭಾಗವೂ ತಾನಾಗಿ ಆ ತಿದ್ದುಪಡಿಯನ್ನು ಮಾಡಿಕೊಳ್ಳಲು ಆಗುತ್ತಿರಲಿಲ್ಲ. ನಡುವೆ 1968ರಲ್ಲಿ ನೀತಿಸಂಹಿತೆ ಬಂದದ್ದು, 1974ರಲ್ಲಿ ಸಿಐಎ (ಸರ್ಟಿಫೈಡ್ ಇಂಟರ್ನಲ್ ಆಡಿಟರ್) ಪರೀಕ್ಷೆ ಮೊದಲ ಬಾರಿಗೆ ನಡೆದದ್ದು ಇದೇ ದಾರಿಯ ಮೈಲಿಗಲ್ಲುಗಳು. ಹಂಚಿಕೊಂಡರೆ ಮುನ್ನಡೆ ಎಂಬರ್ಥದ ಧ್ಯೇಯವಾಕ್ಯವನ್ನು ಈ ಸಂಘ ಇಟ್ಟುಕೊಂಡದ್ದೂ ಸುಮ್ಮನಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇದನ್ನು ಸಹಭಾಗಿತ್ವ ಎನ್ನುವುದು ಮರ್ಯಾದೆಯ ಮಾತಷ್ಟೇ. ನಡೆದದ್ದು ಅಮೆರಿಕದ ಸರಕಿನ ರಫ್ತು, ಕೋಕಾ-ಕೋಲಾ ಬಂದ ಹಾಗೆಯೇ ಸಿಐಎ ಕೂಡ ಬಂತು ಎಂಬುದು. ಆಕ್ಷೇಪದಲ್ಲಿ ನಿಜಾಂಶವಿದೆ. ಕೇಂದ್ರ ಕಚೇರಿ ಇಂದಿಗೂ ಫ್ಲಾರಿಡಾದಲ್ಲಿದೆ, ಮೂಲಪಾಠಗಳು ಇಂಗ್ಲಿಷಿನಲ್ಲೇ ಹುಟ್ಟುತ್ತವೆ. ಆದರೆ ಕಸುಬಿನ ಇಂದಿನ ಉಪಕರಣಗಳನ್ನು ಒಂದೊಂದಾಗಿ ಎತ್ತಿ ಅಡಿಯಲ್ಲಿರುವ ಊರಿನ ಹೆಸರನ್ನು ಓದಿದರೆ ರಫ್ತಿನ ಕಥೆ ನಿಲ್ಲುವುದಿಲ್ಲ. ಆಡಿಟರು ಒಬ್ಬರೇ ಹುಡುಕುವ ಬದಲು ಆಯಾ ವಿಭಾಗದವರನ್ನೇ ಒಂದು ಕೋಣೆಯಲ್ಲಿ ಕೂರಿಸಿ ಅವರ ನಿಯಂತ್ರಣಗಳ ದೋಷವನ್ನು ಅವರ ಬಾಯಿಂದಲೇ ಹೇಳಿಸುವ ಪದ್ಧತಿ ಮೊಳೆತದ್ದು 1987ರಲ್ಲಿ, ಗಲ್ಫ್ ಕೆನಡಾ ಎಂಬ ತೈಲ ಕಂಪನಿಯಲ್ಲಿ. ರಿಸ್ಕ್ ನಿರ್ವಹಣೆಗೆ ಮೊದಲು ರಾಷ್ಟ್ರೀಯ ಮಾನದಂಡ ಬರೆದುಕೊಂಡವರು ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು, 1995ರಲ್ಲಿ. ಜಗತ್ತಿಗೆಲ್ಲ ಒಂದು ಐಎಸ್‌ಒ ಮಾನದಂಡ ಬಂದದ್ದು 2009ರಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಕೊನೆಗೊಂಡ 1994ರಲ್ಲೇ ಮೊದಲ ಕಿಂಗ್ ವರದಿ ಬಂತು. ಕಂಪನಿ ಆಡಳಿತದಲ್ಲಿ ಆಂತರಿಕ ಲೆಕ್ಕಪರಿಶೋಧನೆಯ ಜಾಗವೇನೆಂದು ಆ ಮಾಲೆಯ ವರದಿಗಳು ಹೇಳಿದಷ್ಟು ಬಿಡಿಸಿ ಹೇಳಿದವು ಕಡಿಮೆ. 'ಮೂರು ರಕ್ಷಣಾ ಸಾಲು' ಎಂದು ಇಂದು ಬ್ಯಾಂಕಿನ ತರಬೇತಿಗಳಲ್ಲಿ ಕಂಠಪಾಠ ಮಾಡಿಸುವ ಮಾದರಿಯನ್ನು ಯುರೋಪಿನ ಆಡಿಟರುಗಳ ಒಕ್ಕೂಟ ಅಲ್ಲಿನ ರಿಸ್ಕ್ ನಿರ್ವಾಹಕರ ಒಕ್ಕೂಟದ ಜೊತೆ ಸೇರಿ 2010ರಲ್ಲೇ ಮಾರ್ಗದರ್ಶಿಯಾಗಿ ಪ್ರಕಟಿಸಿತ್ತು. ಐಐಎ ಅದನ್ನು ತನ್ನ ನಿಲುವಾಗಿ ಹೊರಡಿಸಿದ್ದು 2013ರಲ್ಲಿ. ಖಾತರಿ ಮತ್ತು ಸಲಹೆ ಎರಡನ್ನೂ ಸೇರಿಸಿಕೊಂಡ 1999ರ ಪ್ರಸಿದ್ಧ ವ್ಯಾಖ್ಯೆಯನ್ನು ಐಐಎ ರೂಪಿಸುತ್ತಿದ್ದ ಕಾಲದಲ್ಲೇ, ಈ ಕಸುಬಿಗೆ ಬೇಕಾದ ಸಾಮರ್ಥ್ಯಗಳೇನು ಎಂದು ಹಲವು ದೇಶಗಳ ಅಭಿಪ್ರಾಯ ಒಟ್ಟುಮಾಡಿದ ದೊಡ್ಡ ಅಧ್ಯಯನ ನಡೆಯಿತು. ಅದನ್ನು ನಡೆಸಿದವರು ಆಸ್ಟ್ರೇಲಿಯಾದ ಸಂಶೋಧಕರು. ನ್ಯೂಯಾರ್ಕಿನಲ್ಲಿ ಹುಟ್ಟಿದ್ದು ಹೌದು, ಆದರೆ ಸಾಕಿದ ಮನೆಗಳು ಬೇರೆ ಬೇರೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಸಹಭಾಗಿತ್ವ ಗಿಹಭಾಗಿತ್ವ ಎಲ್ಲ ಸಂಘದ ಭಾಷಣಕ್ಕೆ ಸರಿ. ಈ ಕಸುಬನ್ನು ಬೆಳೆಸಿದ್ದು ಹಗರಣ ಮತ್ತು ಕಾನೂನು, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಸರ್ಕಾರಗಳು ಎಂಬುದು. ನಮ್ಮ ದೇಶದ ದಾಖಲೆ ಮೇಲ್ನೋಟಕ್ಕೆ ಇದನ್ನೇ ಹೇಳುತ್ತದೆ. 1975ರ ಆದೇಶವೊಂದು, ದೊಡ್ಡ ಕಂಪನಿಗಳಲ್ಲಿ ಅವುಗಳ ಗಾತ್ರಕ್ಕೂ ವ್ಯವಹಾರಕ್ಕೂ ತಕ್ಕ ಆಂತರಿಕ ಆಡಿಟ್ ವ್ಯವಸ್ಥೆ ಇದೆಯೇ ಎಂದು ವರದಿ ಮಾಡುವಂತೆ ಶಾಸನಬದ್ಧ ಆಡಿಟರಿಗೆ ಹೇಳಿತು. ಬ್ಯಾಂಕುಗಳು ರಿಸ್ಕ್ ಆಧಾರಿತ ಆಂತರಿಕ ಆಡಿಟ್ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2002ರ ಡಿಸೆಂಬರಿನಲ್ಲಿ ಮಾರ್ಗದರ್ಶಿ ಹೊರಡಿಸಿತು. 2013ರ ಕಂಪನಿ ಕಾಯ್ದೆಯ 138ನೇ ಕಲಂ ಆಂತರಿಕ ಆಡಿಟನ್ನು ಕಡ್ಡಾಯವೇ ಮಾಡಿತು: ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಗೂ, 200 ಕೋಟಿ ರೂಪಾಯಿ ವಹಿವಾಟು ಮುಟ್ಟಿದ ಖಾಸಗಿ ಕಂಪನಿಗೂ. ಕಲಂ 138 ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಆಡಿಟ್ ವಿಭಾಗಗಳು ಇರುತ್ತಲೇ ಇರಲಿಲ್ಲ, ಒಪ್ಪೋಣ. ಆದರೆ ಆ ಕಲಮನ್ನು ಓದಿ ನೋಡಿ. ಚಾರ್ಟರ್ಡ್ ಅಕೌಂಟೆಂಟ್, ಕಾಸ್ಟ್ ಅಕೌಂಟೆಂಟ್ ಅಥವಾ ಬೋರ್ಡ್ ತೀರ್ಮಾನಿಸುವ ಬೇರೊಬ್ಬ ವೃತ್ತಿಪರರನ್ನು ನೇಮಿಸಬೇಕು ಎನ್ನುತ್ತದೆ. ನೇಮಕವಾದ ಮೇಲೆ ಆ ವ್ಯಕ್ತಿ ಸೋಮವಾರ ಬೆಳಿಗ್ಗೆ ಬಂದು ಏನು ಮಾಡಬೇಕು, ಯಾವುದನ್ನು ಮೊದಲು ನೋಡಬೇಕು, ವ್ಯವಸ್ಥಾಪಕರು ಫೈಲು ಕೊಡದಿದ್ದರೆ ಯಾರ ಬಾಗಿಲು ತಟ್ಟಬೇಕು ಎಂಬುದಕ್ಕೆ ಉತ್ತರ ಅದರಲ್ಲಿಲ್ಲ. 'ಗಾತ್ರಕ್ಕೆ ತಕ್ಕ' ಎಂಬ 1975ರ ಮಾತು ಎಷ್ಟೋ ಕಡೆ ವೋಚರಿಗೆ ಹಸಿರು ಶಾಯಿಯ ಟಿಕ್ ಹಾಕುವಲ್ಲಿಗೆ ನಿಂತುಹೋದದ್ದು ಇದಕ್ಕೇ. ಕಾನೂನು ಕುರ್ಚಿ ಕೊಟ್ಟಿತು; ಅದರಲ್ಲಿ ಕುಳಿತು ಮಾಡುವ ಕೆಲಸವನ್ನು ಕಸುಬಿನವರು ದೇಶದೇಶಗಳ ಅನುಭವದಿಂದ ಕಟ್ಟಿಕೊಳ್ಳಬೇಕಾಯಿತು. ಚೀನಾದಂಥ ಕಡೆಯೂ ಹೀಗೇ ಆದದ್ದು ಕುತೂಹಲದ ವಿಷಯ. 1983ರಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯನ್ನು ಸ್ಥಾಪಿಸಿ ಸರ್ಕಾರದ ಅಪ್ಪಣೆಯಿಂದಲೇ ಆಂತರಿಕ ಆಡಿಟನ್ನು ಬೆಳೆಸಿದ ದೇಶ ಅದು. ಅಪ್ಪಣೆಗೆ ಅಲ್ಲೇನೂ ಕೊರತೆಯಿರಲಿಲ್ಲ. ಆದರೂ ಸಿಐಎ ಪರೀಕ್ಷೆಯನ್ನು ಚೀನೀ ಭಾಷೆಯಲ್ಲೇ ನಡೆಸುವ ವ್ಯವಸ್ಥೆ ಮಾಡಿಕೊಂಡಿತು.

ಹೊರಗಿನ ನೆಲ ಎಂದೆನಲ್ಲ, ಅದು ಹೇಗೆ ಕೆಲಸ ಮಾಡುತ್ತದೆಂದು 2002ರ ವರ್ಲ್ಡ್‌ಕಾಮ್ ಪ್ರಕರಣದಲ್ಲಿ ಹತ್ತಿರದಿಂದ ನೋಡಬಹುದು. ಅಮೆರಿಕದ ಆ ದೂರವಾಣಿ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಮಿಸಿಸಿಪಿ ರಾಜ್ಯದ ಕ್ಲಿಂಟನ್ ಎಂಬ ಸಣ್ಣ ಊರಿನಲ್ಲಿ. ಬೇರೆ ಕಂಪನಿಗಳ ಜಾಲವನ್ನು ಬಳಸಿದ್ದಕ್ಕೆ ಕೊಡುವ ಬಾಡಿಗೆಯನ್ನು ಆಯಾ ವರ್ಷದ ಖರ್ಚಿಗೆ ಬರೆಯಬೇಕು. ಲಾಭ ಹೆಚ್ಚಾಗಿ ಕಾಣಲೆಂದು ಅದನ್ನು ಆಸ್ತಿಯ ಖಾತೆಗೆ ತಳ್ಳಲಾಗುತ್ತಿತ್ತು. ಮನೆಯ ಬಾಡಿಗೆ ಕಟ್ಟಿ, ಮನೆಯನ್ನೇ ಕೊಂಡೆ ಎಂದು ಬರೆದ ಹಾಗೆ. ಆಂತರಿಕ ಆಡಿಟ್ ಮುಖ್ಯಸ್ಥೆ ಸಿಂಥಿಯಾ ಕೂಪರ್ ಅವರ ತಂಡಕ್ಕೆ 'ಪ್ರಿಪೇಯ್ಡ್ ಕೆಪಾಸಿಟಿ' ಎಂಬ ಅರ್ಥವಾಗದ ನಮೂದು ಕಣ್ಣಿಗೆ ಬಿತ್ತು. ಯಾರಿಗೂ ಸುಳಿವು ಸಿಗದಿರಲೆಂದು ತಂಡ ರಾತ್ರಿ ಹೊತ್ತು ಕೆಲಸ ಮಾಡಿತು. ಕಡತ ಅಳಿಸಿಹೋದೀತೆಂಬ ಭಯಕ್ಕೆ ದತ್ತಾಂಶವನ್ನು ಸಿಡಿಗೆ ಇಳಿಸಿಕೊಂಡಿತು. ಆಡಳಿತದ ದೃಷ್ಟಿಯಿಂದ ಕೂಪರ್ ಅವರ ಮೇಲಧಿಕಾರಿಯಾಗಿದ್ದ ಹಣಕಾಸು ಮುಖ್ಯಸ್ಥರು ಈ ಪರಿಶೀಲನೆಯನ್ನು ಮುಂದಿನ ತ್ರೈಮಾಸಿಕಕ್ಕೆ ಹಾಕಿ ಎಂದರು. ಕೂಪರ್ ಹಾಕಲಿಲ್ಲ; ನೇರವಾಗಿ ಬೋರ್ಡಿನ ಆಡಿಟ್ ಕಮಿಟಿಯ ಅಧ್ಯಕ್ಷರ ಬಳಿಗೆ ಹೋದರು. ಆ ಜೂನಿನಲ್ಲಿ ಕಂಪನಿ ಒಪ್ಪಿಕೊಂಡ ಮೊತ್ತ 380 ಕೋಟಿ ಡಾಲರ್. ಅವರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕು ಕೂಡ. ಆದರೆ ಧೈರ್ಯವಿದ್ದವರಿಗೆ ತಟ್ಟಲು ಒಂದು ಬಾಗಿಲೂ ಬೇಕಲ್ಲ? ಆಡಿಟ್ ಕಮಿಟಿಗೆ ನೇರ ದಾರಿ ಇರಬೇಕೆಂಬ ಮಾತನ್ನು ಈ ಕಸುಬು ದಶಕಗಳಿಂದ ಹೇಳುತ್ತಾ ಬಂದಿತ್ತು. ಲೆಕ್ಕಪತ್ರ ವಂಚನೆಯ ಬಗ್ಗೆ ಅಮೆರಿಕದ ಟ್ರೆಡ್‌ವೇ ಆಯೋಗ 1987ರಲ್ಲಿ ಕೊಟ್ಟ ವರದಿಯಲ್ಲಿ ಆ ದನಿಯಿದೆ, ಆ ಆಯೋಗವನ್ನು ಪ್ರಾಯೋಜಿಸಿದ ಐದು ಸಂಘಗಳಲ್ಲಿ ಐಐಎ ಒಂದು. ಕಂಪನಿಗಳ ಲೆಕ್ಕದ ಮೇಲೆ ಬಿಗಿ ತಂದ ಅಮೆರಿಕದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂದದ್ದು ಆಮೇಲೆ. ಬಾಗಿಲು ಕಾಯ್ದೆಗಿಂತ ಮೊದಲೇ ಇತ್ತು.

ಮೂರನೆಯ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಈ ಮಾನದಂಡಗಳಿಗೆ ಹಲ್ಲಿಲ್ಲ ಎಂಬುದೇ ಅದು. ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದರು. ಅಲ್ಲೂ ಆಂತರಿಕ ಆಡಿಟ್ ವಿಭಾಗವಿತ್ತು, ಆಡಿಟ್ ಕಮಿಟಿಯಿತ್ತು. ಬೇಲಿ ಹಾಕಿದ್ದ ಹೊಲವೇ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿಯ ಬ್ರಾಡಿ ಹೌಸ್ ಶಾಖೆಯ ಕಥೆ ನಮ್ಮ ವಾದಕ್ಕೆ ಇನ್ನೂ ಹತ್ತಿರದ್ದು. 2016ರ ಫೆಬ್ರವರಿಯಲ್ಲಿ ಬ್ಯಾಂಕುಗಳ ನಡುವಿನ ಸ್ವಿಫ್ಟ್ ಸಂದೇಶ ವ್ಯವಸ್ಥೆಯ ಮೂಲಕ ಕಳ್ಳರು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ 8.1 ಕೋಟಿ ಡಾಲರನ್ನು ಲಪಟಾಯಿಸಿದರು. ಆ ಪಾಠ ಗಡಿ ದಾಟಿ ಬೇಗನೆ ಬಂತು. ಅದೇ ವರ್ಷದ ಆಗಸ್ಟಿನಿಂದ ಮೂರು ಬಾರಿಯಾದರೂ ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆದರೂ ಬ್ರಾಡಿ ಹೌಸ್ ಶಾಖೆಯಲ್ಲಿ ಸ್ವಿಫ್ಟ್ ಒಂದು ಕಡೆ, ಕೋರ್ ಬ್ಯಾಂಕಿಂಗ್ ಇನ್ನೊಂದು ಕಡೆ, ನಡುವೆ ಕೊಂಡಿಯಿಲ್ಲ. ಸ್ವಿಫ್ಟಿನಲ್ಲಿ ಹೊರಟ ಖಾತರಿ ಪತ್ರಗಳು ಲೆಡ್ಜರಿನಲ್ಲಿ ಕಾಣುತ್ತಲೇ ಇರಲಿಲ್ಲ. 2018ರಲ್ಲಿ ಬಯಲಾದ ಮೊತ್ತ ಕೊನೆಗೆ 13,000 ಕೋಟಿ ರೂಪಾಯಿ ದಾಟಿತು. ವ್ಯವಹಾರ ನಡೆಯುತ್ತಿರುವಾಗಲೇ ಪರಿಶೀಲಿಸುವ ಕನ್‌ಕರೆಂಟ್ ಆಡಿಟ್ ಶಾಖೆಗಳಿಗೆ ಬಂದು ಕಾಲು ಶತಮಾನವಾಗಿದ್ದ ಕಾಲ ಅದು.

ಅಂದರೆ ತಿಳಿವು ಗಡಿ ದಾಟುತ್ತದೆ, ಅಧಿಕಾರ ದಾಟುವುದಿಲ್ಲ. ಫ್ಲಾರಿಡಾದ ಸಂಘ ಬ್ರಾಡಿ ಹೌಸಿನ ಮ್ಯಾನೇಜರನ್ನು ಕೇಳುವಂತಿಲ್ಲ. ತನ್ನ ಸದಸ್ಯರಲ್ಲದ ಆಡಿಟರನ್ನೂ ಕೇಳುವಂತಿಲ್ಲ. ಇದು ಕಸುಬಿನ ನಿಜವಾದ ಕೊರತೆ, ಈ ಬರಹ ಸ್ಮರಣ ಸಂಚಿಕೆಗೆಂಬ ಕಾರಣಕ್ಕೆ ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಈ ವೈಫಲ್ಯಗಳು ಸಹಭಾಗಿತ್ವ ಬೇಡವೆನ್ನುತ್ತವೆಯೋ, ಸಾಲದೆನ್ನುತ್ತವೆಯೋ? ಎರಡೂ ಕಡೆ ಸೋತವುಗಳಲ್ಲಿ ಒಳಗಿನವರು ಒಳಗಿನವರನ್ನು ನೋಡುವ ವ್ಯವಸ್ಥೆಯೂ ಒಂದು. ಪ್ರತಿ ಆಡಿಟ್ ವಿಭಾಗವನ್ನೂ ಐದು ವರ್ಷಕ್ಕೊಮ್ಮೆಯಾದರೂ ಸಂಸ್ಥೆಯ ಹೊರಗಿನ ಅರ್ಹರು ಪರೀಕ್ಷಿಸಬೇಕು ಎಂಬ ನಿಯಮ ಮಾನದಂಡಗಳಲ್ಲಿ ಎರಡು ದಶಕಗಳಿಂದಲೂ ಇದೆ. ಇನ್ನೊಬ್ಬರ ಲೆಕ್ಕ ನೋಡುವವರ ಲೆಕ್ಕವನ್ನು ಮತ್ತೊಬ್ಬರು ನೋಡುವ ಏರ್ಪಾಡು. ನಮ್ಮಲ್ಲಿ ಎಷ್ಟು ಬೋರ್ಡುಗಳು ಆ ವರದಿಯನ್ನು ತರಿಸಿ ಓದುತ್ತವೆ ಎಂದು ಕೇಳಿಕೊಂಡರೆ ಸಾಕು. ಹಲ್ಲು ಸಂಘದ ಬಾಯಲ್ಲಿ ಇಲ್ಲದಿರಬಹುದು. ಬೋರ್ಡಿನ ಬಾಯಲ್ಲಿದೆ, ಕಚ್ಚುವ ಮನಸ್ಸು ಬೇಕು.

ಇನ್ನು ನಮ್ಮ ಊರಿನ ಮಾತು. ಐಐಎಗೆ ಬೆಂಗಳೂರಿನಲ್ಲೂ ಚಾಪ್ಟರ್ ಇದೆ. ಬಹುರಾಷ್ಟ್ರೀಯ ಕಂಪನಿಗಳ ಆಂತರಿಕ ಆಡಿಟ್ ತಂಡಗಳು ಇಲ್ಲಿನ ಹೊರ ವರ್ತುಲ ರಸ್ತೆಯ ಕಟ್ಟಡಗಳಲ್ಲಿ ಕುಳಿತು ಸಾವಿರಾರು ಮೈಲಿ ಆಚೆಯ ಕಚೇರಿಗಳ ಪಾವತಿ, ಖರೀದಿ, ಪಾಸ್‌ವರ್ಡುಗಳನ್ನು ಪರಿಶೀಲಿಸುತ್ತವೆ. ಪಾಠ ಹೇಳಿಸಿಕೊಂಡ ಊರು ಈಗ ಪಾಠ ಹೇಳುವಷ್ಟಾಗಿದೆ. ಆದರೆ ಅದೇ ಊರಿನ ಇನ್ನೊಂದು ಮುಖವೂ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಜೀವಮಾನದ ಉಳಿತಾಯವಿಟ್ಟವರಿಗೂ ತೆಗೆಯಲು ಸಿಕ್ಕದ್ದು 35,000 ರೂಪಾಯಿ. ಮರುವರ್ಷ ಫೆಬ್ರವರಿಯಲ್ಲಿ, 500 ಕೋಟಿ ಮತ್ತು ಅದಕ್ಕೂ ಹೆಚ್ಚಿನ ಆಸ್ತಿಯಿರುವ ಪಟ್ಟಣ ಸಹಕಾರಿ ಬ್ಯಾಂಕುಗಳೆಲ್ಲ 2022ರ ಮಾರ್ಚ್ 31ರೊಳಗೆ ರಿಸ್ಕ್ ಆಧಾರಿತ ಆಂತರಿಕ ಆಡಿಟ್ ಜಾರಿಗೆ ತರಬೇಕೆಂದು ಆದೇಶವಾಯಿತು. ಹೀಗೆ ಟೊರಾಂಟೊ, ಲಂಡನ್, ಸಿಡ್ನಿಗಳಲ್ಲಿ ಮಾಗಿದ ವಿಚಾರ ನಮ್ಮ ಜಿಲ್ಲಾ ಕೇಂದ್ರಗಳ ಪೇಟೆ ಬೀದಿಯ ಬ್ಯಾಂಕಿಗೂ ಬಂದು ಮುಟ್ಟಿದೆ.

ಮುಟ್ಟಿದ ಮೇಲೆ ಒಂದು ತೊಡಕು. ಅಂಥ ಬ್ಯಾಂಕುಗಳ ಆಡಳಿತ ಮಂಡಳಿಯ ಚರ್ಚೆ ನಡೆಯುವುದು ಕನ್ನಡದಲ್ಲಿ; ಆಡಿಟ್ ವರದಿ ಬರುವುದು ಇಂಗ್ಲಿಷಿನಲ್ಲಿ. ನಿರ್ದೇಶಕರು ಕೊನೆಯ ಪುಟದ ಷರಾ ನೋಡಿ ಸಹಿ ಹಾಕುತ್ತಾರೆ. 'ಅಶ್ಯೂರೆನ್ಸ್' ಎಂಬ, ಈ ಕಸುಬಿನ ಕೇಂದ್ರದಲ್ಲಿರುವ ಪದಕ್ಕೆ ನಾವು ಭರವಸೆ ಎನ್ನುತ್ತೇವೋ ಖಾತರಿ ಎನ್ನುತ್ತೇವೋ ಇನ್ನೂ ಗೊತ್ತುಮಾಡಿಕೊಂಡಿಲ್ಲ. ಭರವಸೆ ಚುನಾವಣೆಯ ಪದವಾಗಿ ಸವೆದಿದೆ; ಖಾತರಿಯಲ್ಲಿ ಪೂರ್ಣ ಗ್ಯಾರಂಟಿಯ ವಾಸನೆ ಇದೆ, ಯಾವ ಆಡಿಟರೂ ಅದನ್ನು ಕೊಡಲಾರರು. 'ರಿಸ್ಕ್' ಎಂದರೆ ಅಪಾಯ ಎಂದುಬಿಟ್ಟರೆ, ಆಗಬಹುದಾದದ್ದಕ್ಕೂ ಆಗಿಯೇ ತೀರುವುದಕ್ಕೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ. ಚೀನೀಯರು, ಜಪಾನೀಯರು, ಸ್ಪ್ಯಾನಿಷ್ ನುಡಿಯವರು ಈ ಜಗಳಗಳನ್ನು ತಮ್ಮ ಭಾಷೆಯಲ್ಲಿ ಆಡಿ ಮುಗಿಸಿ ಪರೀಕ್ಷೆಯನ್ನೂ ತಮ್ಮ ಭಾಷೆಯಲ್ಲೇ ಬರೆಯುತ್ತಿದ್ದಾರೆ. ಐಐಎ 2024ರ ಜನವರಿ 9ರಂದು ಹೊರಡಿಸಿದ ಹೊಸ ಜಾಗತಿಕ ಮಾನದಂಡಗಳಲ್ಲಿ ಐದು ವಿಭಾಗಗಳು, 15 ತತ್ವಗಳು, 52 ಮಾನದಂಡಗಳಿವೆ. ಸರಿಯಾಗಿ ಒಂದು ವರ್ಷ ಬಿಟ್ಟು ಅವು ಜಾರಿಗೆ ಬಂದಿವೆ. ಈ ಸಂಚಿಕೆಯನ್ನು ಓದುವ ಆಡಿಟರುಗಳಲ್ಲಿ ಎರಡೂ ಭಾಷೆ ಬಲ್ಲವರು ಬೇಕಾದಷ್ಟಿದ್ದಾರೆ. 52 ಮಾನದಂಡಗಳನ್ನು ಒಬ್ಬೊಬ್ಬರು ಎರಡೆರಡರಂತೆ ಹಂಚಿಕೊಂಡರೂ ಕನ್ನಡಕ್ಕೆ ತರಲು 26 ಮಂದಿ ಸಾಕು. ವಿಲಿಯಮ್ಸ್ ಕ್ಲಬ್ಬಿನ ಸಂಘಕ್ಕಿದ್ದ ಸ್ಥಾಪಕ ಸದಸ್ಯರಿಗಿಂತ ಇಬ್ಬರು ಹೆಚ್ಚು.